ಬೂದು ಅಂಗಿಯ ಹುಡುಗ

ಕ್ಯಾಲಿಫೋರ್ನಿಯಾದ ನಮ್ಮ ಕನ್ನಡ ಕೂಟದ ರಾಜ್ಯೋತ್ಸವದ ಊಟದ ಸಾಲಿನಲ್ಲಿ ಹೊಸದಾಗಿ ಬಂದ ದಂಪತಿ ಕೇಳಿದರು: "ಪೂರ್ವ ಸ್ಯಾನ್ ಹೋಸೆಯಲ್ಲಿ ಮನೆ ಸ್ವಲ್ಪ ಕಡಿಮೆಗೆ ಸಿಗುತ್ತಿದೆ. ಗ್ಯಾಂಗ್ ಹುಡುಗರ ಕಾಟ ಇದೆಯಂತೆ, ಹೌದೇ?" ನಾನು ಬಾಯಿ ತೆರೆಯುವ ಮೊದಲೇ ನಾಲ್ಕು ಜನ ಉತ್ತರ ಕೊಟ್ಟಾಗಿತ್ತು: ಶಾಲೆಯ ರೇಟಿಂಗ್ ನೋಡಿ, ಆ ಕಡೆ ತಲೆ ಹಾಕಿಯೂ ಮಲಗಬೇಡಿ. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎರಡು ವರ್ಷದಿಂದ ಶನಿವಾರ ಆ ಕಡೆಯ ಗ್ರಂಥಾಲಯವೊಂದರಲ್ಲಿ ಹನ್ನೆರಡನೇ ತರಗತಿಯ ಮಕ್ಕಳಿಗೆ ಕಾಲೇಜಿನ ನೆರವಿನ ಅರ್ಜಿ, ಅಂದರೆ ಫಾಫ್ಸಾ, ತುಂಬಲು ಸಹಾಯ ಮಾಡುತ್ತೇನೆ. ಒಬ್ಬ ಹುಡುಗ ಯಾವಾಗಲೂ ಬೂದು ಅಂಗಿಯಲ್ಲೇ ಬರುತ್ತಿದ್ದ. ಪಾಪ, ಇರುವುದು ಒಂದೇ ಅಂಗಿ ಎಂದು ಮರುಗಿದ್ದೆ. ಕೇಳಿದರೆ ನಕ್ಕುಬಿಟ್ಟ. ಕೆಂಪು ತೊಟ್ಟರೆ ನಾರ್ತೆನ್ಯೊ ಗ್ಯಾಂಗಿನವನು, ನೀಲಿ ತೊಟ್ಟರೆ ಅವರ ವೈರಿ ಸುರೆನ್ಯೊ ಗ್ಯಾಂಗಿನವನು. ಎರಡೂ ಅಲ್ಲದವನಿಗೆ ಉಳಿಯುವುದು ಬೂದು. ಕಾಲೇಜಿಗೆ ಅವನ ಮನೆಯ ಹತ್ತಿರದಿಂದ ನೇರ ಬಸ್ಸಿದೆ. ಆದರೆ ಅದು ಹೋಗುವುದು ಅಣ್ಣನ ಹಳೆಯ ವೈರಿಗಳ ಬೀದಿಯಲ್ಲಿ. ಹಾಗಾಗಿ ಎರಡು ಬಸ್ ಹತ್ತಿ ಸುತ್ತಿಕೊಂಡು ಹೋಗುವ ಲೆಕ್ಕ ಹಾಕಿದ್ದ. ಮಕ್ಕಳಿಗೆ ಜಾಕೆಟ್ ಕೊಳ್ಳುವಾಗ ನಾವು ನೋಡುವುದು ರಿಯಾಯಿತಿಯನ್ನು ಮಾತ್ರ, ಬಣ್ಣವನ್ನಲ್ಲ.

ಶುಲ್ಕವೇ ತೊಡಕು ಎಂದು ನಾನೂ ನಂಬಿದ್ದೆ. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ, ಅಂದರೆ ಎರಡು ವರ್ಷದ ಸರ್ಕಾರಿ ಕಾಲೇಜಿನಲ್ಲಿ, ಪಾಠದ ಒಂದು ಯೂನಿಟ್‌ಗೆ 46 ಡಾಲರ್; 12 ಯೂನಿಟ್ ತೆಗೆದುಕೊಂಡರೆ ಸೆಮಿಸ್ಟರ್‌ಗೆ 552. ಬಡ ಕುಟುಂಬಕ್ಕೆ ಅದೂ ಮನ್ನಾ. 1984ರವರೆಗಂತೂ ಈ ಶುಲ್ಕವೇ ಇರಲಿಲ್ಲ. ಮೇಲೆ ಬಡ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರ ಕೊಡುವ ಪೆಲ್ ಗ್ರಾಂಟ್, 2024-25ರಲ್ಲಿ ವರ್ಷಕ್ಕೆ ಗರಿಷ್ಠ 7,395 ಡಾಲರ್. ಕಾಗದದ ಮೇಲೆ ಎಲ್ಲ ಸರಿಯಾಗಿದೆ. ಎಡವುವುದು ಬೇರೆ ಕಡೆ. ಹದಿನೆಂಟು ತುಂಬಿದವನು ಬಾಡಿಗೆಗೆ ಪಾಲು ಕೊಡಬೇಕು, ಸಂಜೆ ತಂಗಿಯನ್ನು ನೋಡಿಕೊಳ್ಳಬೇಕು. ಅರ್ಜಿಗೆ ಪೋಷಕರ ಆದಾಯ ಬೇಕು, ಒಪ್ಪಿಗೆ ಬೇಕು, ಸಹಿ ಬೇಕು. ಅಪ್ಪ ಎಲ್ಲಿದ್ದಾನೋ ಗೊತ್ತಿಲ್ಲ. ರಾತ್ರಿ ಕಚೇರಿಗಳನ್ನು ಗುಡಿಸುವ ಅಮ್ಮನಿಗೆ ಸರ್ಕಾರಿ ಕಾಗದ ಕಂಡರೇ ಭಯ. ಗ್ಯಾಂಗ್ ಸೇರಲು ಅರ್ಜಿ ಬೇಡ, ಯಾರ ಸಹಿಯೂ ಬೇಡ. ದುಡ್ಡು ಇವತ್ತೇ ಕೈಗೆ ಬರುತ್ತದೆ. ಅವನ ಅಣ್ಣ ಹೋದದ್ದು ಹಾಗೆಯೇ. ಈಗ ಜೈಲಿನಲ್ಲಿದ್ದಾನೆ, ಅವನನ್ನು ನಾನು ಸಮರ್ಥಿಸುತ್ತಿಲ್ಲ. ಲಾಸ್ ಏಂಜಲೀಸ್‌ನಲ್ಲಿ ಪಾದ್ರಿ ಗ್ರೆಗ್ ಬಾಯ್ಲ್ 1988ರಲ್ಲಿ ಶುರುಮಾಡಿದ ಹೋಮ್‌ಬಾಯ್ ಸಂಸ್ಥೆ ಇಂಥವರಿಗೆ ಉಪದೇಶಕ್ಕಿಂತ ಮೊದಲು ಕೆಲಸ ಹುಡುಕಿಕೊಟ್ಟಿತು, 1992ರಲ್ಲಿ ಬೇಕರಿಯನ್ನೇ ತೆರೆಯಿತು. ಹಸಿವು ಮೊದಲು, ಉಪದೇಶ ಆಮೇಲೆ ಎಂದು ಗೊತ್ತಿದ್ದವರ ಲೆಕ್ಕ ಅದು.

ಇನ್ನು ನಮ್ಮವರು. ಕಮ್ಯುನಿಟಿ ಕಾಲೇಜ್ ಎಂದರೆ ಮೂಗು ಮುರಿಯುತ್ತೇವೆ. ನನ್ನ ಮಗಳು ಅಲ್ಲಿಯೇ ಎರಡು ವರ್ಷ ಓದಿ ಡೇವಿಸ್‌ನ ವಿಶ್ವವಿದ್ಯಾಲಯಕ್ಕೆ ಹೋದಳು, ಆ ಎರಡು ವರ್ಷ ಕೂಟದ ಸಮಾರಂಭಗಳಲ್ಲಿ "ಯಾವ ಕಾಲೇಜು?" ಎಂಬ ಪ್ರಶ್ನೆ ಬಂದಾಗಲೆಲ್ಲ ನನ್ನ ಹೆಂಡತಿ ಪಾಯಸ ಬಡಿಸಲು ಎದ್ದುಹೋಗುತ್ತಿದ್ದಳು. ಷರತ್ತು ಪೂರೈಸಿದ ಕಮ್ಯುನಿಟಿ ಕಾಲೇಜ್ ವಿದ್ಯಾರ್ಥಿಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆರು ಕ್ಯಾಂಪಸ್‌ಗಳು ಸೀಟಿನ ಖಾತರಿ ಕೊಡುತ್ತವೆ, ಡೇವಿಸ್ ಅವುಗಳಲ್ಲೊಂದು. ಎಚ್-4 ವೀಸಾದ, ಅಂದರೆ ಎಚ್-1ಬಿ ಉದ್ಯೋಗಿಗಳ ಅವಲಂಬಿತರಾಗಿ ಬಂದ, ಮಕ್ಕಳಿಗೆ ಪೆಲ್ ನೆರವೂ ಸಿಗುವುದಿಲ್ಲ. ಅವರ ತಂದೆತಾಯಿಯರಾದರೂ ಈ ದಾರಿಯನ್ನು ಗಂಭೀರವಾಗಿ ನೋಡಬೇಕು.

ಮನೆ ಕೇಳಿದ ದಂಪತಿಗೆ: ಪೂರ್ವ ಸ್ಯಾನ್ ಹೋಸೆ ಒಂದೇ ಬೀದಿಯಲ್ಲ. ರೇಟಿಂಗ್ ಪಕ್ಕಕ್ಕಿಟ್ಟು, ಶಾಲೆ ಬಿಡುವ ಹೊತ್ತಿಗೊಮ್ಮೆ, ಕತ್ತಲಾದ ಮೇಲೊಮ್ಮೆ ಆ ಬೀದಿಯಲ್ಲಿ ನಡೆದು ನೋಡಿ. ನೆರೆಯವರನ್ನು ಕೇಳಿ. ಆಗಲೂ ಬೇಡವೆನಿಸಿದರೆ ಬಿಡಿ, ಅದರಲ್ಲಿ ತಪ್ಪೇನಿಲ್ಲ.

ಹುಡುಗನ ಅಮ್ಮ ಕಳೆದ ಶನಿವಾರ ಕೆಲಸದ ಸಮವಸ್ತ್ರದಲ್ಲೇ ಬಂದು ಒಪ್ಪಿಗೆ ಕೊಟ್ಟರು. ಇನ್ನೂ ಹನ್ನೊಂದು ಮಕ್ಕಳ ಅರ್ಜಿ ಬಾಕಿ ಇದೆ, ರಾಜ್ಯ ಸರ್ಕಾರದ ನೆರವಾದ ಕ್ಯಾಲ್ ಗ್ರಾಂಟ್‌ಗೆ ಮಾರ್ಚ್ 2ರ ಗಡುವು. ಸಹಾಯಕ್ಕೆ ನಿಮ್ಮಲ್ಲಿ ಇಬ್ಬರು ಬಂದರೆ ಸಾಕು. ಸ್ಪ್ಯಾನಿಷ್ ಬರುವವರಾದರೆ ಕಾಫಿ ನನ್ನದು.