ಸಿಂಗಪುರದ ಎನ್ ಬ್ಲಾಕ್: ಎಂಬತ್ತು ಜನ ಹೂಂ ಅಂದ್ರೆ ಇಪ್ಪತ್ತು ಜನ ಗಂಟುಮೂಟೆ ಕಟ್ಟಬೇಕಾ?

ಕಟ್ಟೆಪುರಾಣ: ಸಿಂಗಪುರದಲ್ಲಿ ಇಡೀ ಎಸ್ಟೇಟನ್ನ ಒಟ್ಟಿಗೆ ಮಾರೋದಕ್ಕೆ ಎನ್ ಬ್ಲಾಕ್ ಅಂತಾರೆ. ಅಲ್ಲಿ ಹತ್ತು ವರ್ಷ ದಾಟಿದ ಕಾಂಡೋ (ಖಾಸಗಿ ಅಪಾರ್ಟ್‌ಮೆಂಟ್ ಸಮುಚ್ಚಯ) ಆದ್ರೆ ನೂರಕ್ಕೆ ಎಂಬತ್ತು ಜನ ಸಹಿ ಹಾಕಿದ್ರೆ ಸಾಕು, ಇಡೀ ಎಸ್ಟೇಟನ್ನೇ ಬಿಲ್ಡರಿಗೆ ಮಾರಬಹುದು. ಮಿಕ್ಕವರು ಒಲ್ಲೆ ಅಂದರೂ ಕೀ ಕೊಟ್ಟು ಹೊರಡಬೇಕು. ನಮ್ಮಲ್ಲಿ 1972ರ ಅಪಾರ್ಟ್‌ಮೆಂಟ್ ಕಾಯ್ದೆಯಿಂದ ಆಸ್ತಿ ಬಿಡಿಸಬೇಕಂದ್ರೆ, ಅಂದ್ರೆ ಬಿಡಿ ಮನೆಗಳ ಲೆಕ್ಕ ಮುಗಿಸಿ ಇಡೀ ಜಾಗವನ್ನ ಒಂದೇ ಆಸ್ತಿ ಮಾಡಬೇಕಂದ್ರೆ, ಎಲ್ಲ ಮಾಲೀಕರ ಒಪ್ಪಿಗೆ ಬೇಕು. ಯಾವುದು ನ್ಯಾಯ?

ಲೆಕ್ಕಿಗ: "ಎಂಬತ್ತು ಜನ" ಅಲ್ಲ ಸ್ವಾಮಿ, ತಲೆ ಎಣಿಸೋದಿಲ್ಲ. ಶೇರ್ ವ್ಯಾಲ್ಯೂನಲ್ಲೂ (ಇಡೀ ಎಸ್ಟೇಟಲ್ಲಿ ಪ್ರತಿ ಮನೆಗೆ ಕಟ್ಟಿದ ಪಾಲು) ನೂರಕ್ಕೆ 80, ಒಟ್ಟು ವಿಸ್ತೀರ್ಣದಲ್ಲೂ 80 ಮುಟ್ಟಬೇಕು. ಹತ್ತು ವರ್ಷದೊಳಗಿನ ಕಟ್ಟಡಕ್ಕೆ 90. ಮೊದಲ ಸಹಿ ಬಿದ್ದು ಹನ್ನೆರಡು ತಿಂಗಳೊಳಗೆ ಮುಟ್ಟದಿದ್ರೆ ಒಪ್ಪಂದ ಬಿದ್ದುಹೋಯ್ತು. ಸಹಿ ಹಾಕಿದವರು ಮನಸ್ಸು ಬದಲಾಯಿಸೋಕೆ ಐದು ದಿನ ಟೈಮಿದೆ.

ತಾವರೆಕೆರೆ: "ಶೇರ್ ವ್ಯಾಲ್ಯೂ" ಅನ್ನೋದೇ ಟೋಪಿ. 50 ಚದರ ಮೀಟರ್ ತನಕ 5 ಶೇರು, ಆಮೇಲೆ ಪ್ರತಿ 50ಕ್ಕೆ ಒಂದೇ ಒಂದು. 60ರ ಮನೆಗೆ 6, 160ರ ಮನೆಗೆ 8. ಮಾರಿದ ದುಡ್ಡನ್ನ ಬರೀ ಶೇರಿನ ಮೇಲೆ ಹಂಚಿದ್ರೆ, ಶೇರಿಗೆ ಎರಡೂವರೆ ಲಕ್ಷ ಡಾಲರ್ ಅಂತಿಟ್ಕೊಳ್ಳಿ: ಚಿಕ್ಕ ಮನೆಗೆ 15 ಲಕ್ಷ, ದೊಡ್ಡದಕ್ಕೆ 20. ಚದರ ಮೀಟರಿಗೆ ಭಾಗಿಸಿ: ಚಿಕ್ಕ ಮನೆಯವರಿಗೆ 25,000, ದೊಡ್ಡ ಮನೆಯವರಿಗೆ 12,500. ದೊಡ್ಡ ಮನೆ ಕೊಂಡವರು ದಡ್ಡರಾ?

ಮಳೆಹನಿ: ದಡ್ಡರಲ್ಲ, ಜಾಣರು! ಮೇಂಟೆನೆನ್ಸ್ ಕಟ್ಟೋದೂ ಇದೇ 6ಕ್ಕೆ 8ರ ಲೆಕ್ಕದಲ್ಲೇ. ಇಷ್ಟು ವರ್ಷ ಬಾಯಿ ಮುಚ್ಕೊಂಡು ಲಾಭ ಉಂಡವರಿಗೆ ಈಗ ಕಹಿಯಾಯ್ತಾ?

ತಾವರೆಕೆರೆ: ಮೇಂಟೆನೆನ್ಸ್ ಲಿಫ್ಟಿಗೆ, ಈಜುಕೊಳಕ್ಕೆ. 160ರ ಮನೆಯವರೇನು ಲಿಫ್ಟಲ್ಲಿ ಎರಡೂವರೆ ಪಟ್ಟು ಓಡಾಡ್ತಾರಾ? ಮಾರ್ತಿರೋದು ನೆಲ.

ಲೆಕ್ಕಿಗ: "ನೆಲ" ಅಂದ್ರಲ್ಲ, ಆ ನೆಲದಲ್ಲಿ ಯಾರ ಪಾಲು ಎಷ್ಟು ಅಂತ ಹೇಳೋದೂ ಶೇರ್ ವ್ಯಾಲ್ಯೂನೇ. ಆದರೂ ದುಡ್ಡು ಹಂಚುವಾಗ ಎಷ್ಟೋ ಕಡೆ ಮಾಲೀಕರೇ ಆರಿಸಿದ ಮಾರಾಟ ಕಮಿಟಿಯವರು ಶೇರು, ವಿಸ್ತೀರ್ಣ ಎರಡನ್ನೂ ಬೆರೆಸ್ತಾರೆ. ನಿಮ್ಮ ಅಂಕಿಯಲ್ಲೇ ನೋಡಿ. ಎರಡೂ ಅಳತೆಯವು ನೂರು ನೂರು ಮನೆ, ಒಟ್ಟು 35 ಕೋಟಿ. ಬರೀ ವಿಸ್ತೀರ್ಣದ ಮೇಲೆ ಹಂಚಿದ್ರೆ ಚಿಕ್ಕದಕ್ಕೆ 9.55 ಲಕ್ಷ, ದೊಡ್ಡದಕ್ಕೆ 25.45. ಅರ್ಧ ಅದು ಅರ್ಧ ಇದು ಮಾಡಿದ್ರೆ 12.27, 22.73. ಚಿಕ್ಕ ಮನೆಯವರನ್ನ 9.55ಕ್ಕೆ ಇಳಿಸಿದ್ರೆ ಸಹಿ ಯಾರು ಹಾಕ್ತಾರೆ?

ಗುಡುಗು: "ಕಮಿಟಿಯವರು ಬೆರೆಸ್ತಾರೆ"! ಅಡುಗೆ ಭಟ್ಟರೇನು ಅವರು? 2007ರಲ್ಲಿ ಹಾರಿಜಾನ್ ಟವರ್ಸ್ ಅನ್ನೋ ಕಾಂಡೋವನ್ನ 50 ಕೋಟಿ ಡಾಲರಿಗೆ ಮಾರಿದ ಕಮಿಟಿಯಲ್ಲಿ ಇಬ್ಬರು ಮೊದಲೇ ಅಲ್ಲಿ ಹೆಚ್ಚುವರಿ ಮನೆ ಕೊಂಡಿದ್ರು, ಬಾಯಿಬಿಡಲಿಲ್ಲ. 51 ಕೋಟಿಗೆ ಆಸಕ್ತಿ ತೋರಿಸಿದ ಇನ್ನೊಬ್ಬರ ಬೆನ್ನೂ ಹತ್ತಲಿಲ್ಲ. 2009ರಲ್ಲಿ ಅಪೀಲು ಕೋರ್ಟು ಮಾರಾಟವನ್ನೇ ರದ್ದು ಮಾಡಿತು.

ಮಳೆಹನಿ: ಒಂದು ಕೇಸು ಹಿಡ್ಕೊಂಡು ಎಷ್ಟು ದಿನ ಗುಡುಗ್ತೀರಿ? ಶುನ್‌ಫು ವಿಲ್ ಎಸ್ಟೇಟು 63.8 ಕೋಟಿಗೆ ಹೋಯ್ತು, ತಕರಾರು ಎದ್ದಿತ್ತು, 2017ರಲ್ಲಿ ಅದೇ ಅಪೀಲು ಕೋರ್ಟು ಸೈ ಅಂತು.

ಗುಡುಗು: "ತಕರಾರು" ಅಂತ ಹಗುರವಾಗಿ ಮಾತಾಡಬೇಡಿ ಮೇಡಂ. ನೋಟಿಸು ಬಂದ 21 ದಿನದೊಳಗೆ ಇಂಥ ಮಾರಾಟದ ತಕರಾರು ಕೇಳೋ ಸ್ಟ್ರಾಟಾ ಟೈಟಲ್ಸ್ ಬೋರ್ಡಿಗೆ ಆಕ್ಷೇಪಣೆ ಹೋಗಬೇಕು, ತಡವಾದ್ರೆ ಮುಗೀತು. ಆಕ್ಷೇಪಣೆಯಲ್ಲಿ ಆರ್ಥಿಕ ನಷ್ಟ ಅಂದ್ರೆ ಖರ್ಚು ಕಳೆದು ಕೈಗೆ ಬರೋದು ಕೊಂಡ ಬೆಲೆಗಿಂತ ಕಡಿಮೆ ಆಗೋದು. ಅದೇ ದುಡ್ಡಿಗೆ ಅದೇ ಏರಿಯಾದಲ್ಲಿ ಮನೆ ಸಿಗಲ್ಲ ಅನ್ನೋ ಗೋಳು ನಷ್ಟದ ಲೆಕ್ಕಕ್ಕೆ ಬರಲ್ಲ!

ಸಾಲಿಗ್ರಾಮ: ಆ ಗೋಳೇ ಅಸಲಿ ಗೋಳು. ನಾಗರಿಕರೂ ಅಲ್ಲ, ಪಿಆರ್ (ಕಾಯಂ ನಿವಾಸಿ) ಕೂಡ ಅಲ್ಲ, ಭಾರತದ ಪಾಸ್‌ಪೋರ್ಟ್ ಅಂದ್ರೆ ಮತ್ತೆ ಮನೆ ಕೊಳ್ಳುವಾಗ ಹೆಚ್ಚುವರಿ ಸ್ಟ್ಯಾಂಪ್ ಡ್ಯೂಟಿನೇ ನೂರಕ್ಕೆ 60, 2023ರ ಏಪ್ರಿಲ್‌ನಿಂದ. 12.27 ಲಕ್ಷದ ಮನೆಗೆ 7.36 ಲಕ್ಷ ಡ್ಯೂಟಿ. ಪಿಆರ್ ಆಗಿದ್ದು ಬೇರೆ ಮನೆ ಇಲ್ಲದಿದ್ರೆ ನೂರಕ್ಕೆ 5. ಇದನ್ನ ಯಾರೂ ಎತ್ತಲೇ ಇಲ್ಲ.

ತಾವರೆಕೆರೆ: ನೋಡಿ, ಇವರ ಬಾಯಲ್ಲೂ "12.27 ಲಕ್ಷ" ಬಂತು, 15 ಅಲ್ಲ. ಬರೀ ಶೇರಿನ ಹಂಚಿಕೆ ತಪ್ಪು ಅಂತ ಆಯ್ತಲ್ಲ.

ಲೆಕ್ಕಿಗ: ಏನೂ ಆಗಿಲ್ಲ. ಅದು ನಾನು ಕೊಟ್ಟ ಅಂಕಿ.

ಕಟ್ಟೆಪುರಾಣ: ನಾನು ಕೇಳಿದ್ದು ಬೇರೆ...

ತಾವರೆಕೆರೆ: ಇರಿ ಸಾರ್. ಲೆಕ್ಕಿಗರೇ, ಅರ್ಧ ಅರ್ಧ ಯಾಕೆ? ವಿಸ್ತೀರ್ಣಕ್ಕೆ 70 ಯಾಕಿರಬಾರದು?