ಎಐ ಏಜೆಂಟ್‌ಗೆ ಟೂಲ್ ವಿವರಣೆ ಬರೆದವರು ಅನುಭವ ಹೇಳಿ

ಸೀತಾಂಗೋಳಿ: ಅಡಿಕೆ ಖರೀದಿ, ಸ್ಟಾಕು, ಬಿಲ್ಲಿನ ಸಾಫ್ಟ್‌ವೇರ್ ನಮ್ಮದು. ಅದರ 31 ಟೂಲುಗಳನ್ನು (ಬಿಲ್ ಮಾಡುವುದು, ಸ್ಟಾಕು ನೋಡುವುದು ಹೀಗೆ ಒಂದೊಂದು ಕೆಲಸಕ್ಕೆ ಒಂದು) ಏಜೆಂಟ್‌ಗೆ, ಅಂದರೆ ನಾವು ಹೇಳಿದ್ದನ್ನು ಕೇಳಿ ತಾನೇ ಅವನ್ನು ನಡೆಸುವ ಎಐಗೆ, ಕೊಡಬೇಕೆಂದಿದ್ದೇವೆ. ಜೋಡಿಸುವುದು ಎಂಸಿಪಿ ಮೂಲಕ, ಎಐಗೆ ಹೊರಗಿನ ಸಾಫ್ಟ್‌ವೇರ್ ಜೋಡಿಸುವ ಸಾಮಾನ್ಯ ವಿಧಾನ ಅದು. ಜನರಿಗೆಂದು ಬರೆದ 140 ಪುಟದ ಕೈಪಿಡಿ ಉಂಟು. ಅದೇ ಸಾಕಾ, ಪ್ರತಿ ಟೂಲಿಗೂ ಬೇರೆ ಬರೆಯಬೇಕಾ?

ಬದಿಯಡ್ಕ: ನಾನು ಕೈಪಿಡಿಯನ್ನೇ ಕೊಟ್ಟು ಕೈಸುಟ್ಟುಕೊಂಡವ. ಪ್ರತಿ ಪ್ರಶ್ನೆಯೊಟ್ಟಿಗೆ ಇಡೀ ಪಿಡಿಎಫ್ ಹೋಗುತ್ತಿತ್ತು, ಸುಮಾರು 90 ಸಾವಿರ ಟೋಕನ್ (ಎಐ ಓದುವ ಪದದ ತುಂಡುಗಳು, ದುಡ್ಡು ಅದರ ಲೆಕ್ಕದಲ್ಲಿ). ದಿನಕ್ಕೆ 25 ಪ್ರಶ್ನೆ, 11 ದಿನ, ಒಟ್ಟು 6,340 ರೂಪಾಯಿ. ದುಡ್ಡು ಹೋದದ್ದು ಹೋಗಲಿ. ಬಿಲ್ ಟೂಲಿನಲ್ಲಿ 'ತೂಕ: ಸಂಖ್ಯೆ' ಅಂತ ಮಾತ್ರ ಬರೆದಿದ್ದೆ. ಹುಡುಗ ಎಂಟು ಕ್ವಿಂಟಾಲು ಅಂದ, ಏಜೆಂಟ್ 8 ಕಳಿಸಿತು, ಸಾಫ್ಟ್‌ವೇರ್ 8 ಕಿಲೋ ಅಂತ ತೆಗೆದುಕೊಂಡಿತು. 3,84,000ದ ಬಿಲ್ಲು 3,840 ಆಗಿ ಪುತ್ತೂರಿನ ವ್ಯಾಪಾರಿಗೆ ಹೋಯಿತು. ಅವರ ಫೋನ್ ಬಂದಾಗ ನಾನು ಊಟಕ್ಕೆ ಕೂತಿದ್ದೆ, ಎಲೆ ಬಿಟ್ಟು ಎದ್ದೆ. ಈಗ ಹೆಸರೇ 'ತೂಕ_ಕಿಲೋ'. ಕೆಳಗೆ ಒಂದು ಸಾಲು: ಕ್ವಿಂಟಾಲಿನಲ್ಲಿ ಹೇಳಿದರೆ 100ರಿಂದ ಗುಣಿಸು.

ಇನ್ನೊಂದು. ಪಟೋರ, ಉಳ್ಳಿ, ಕೋಕ ಅಂತ ನಮ್ಮ ಅಡಿಕೆಯ ದರ್ಜೆಗಳು. ಏಜೆಂಟ್ 'ಉಳ್ಳಿ'ಯನ್ನು ಮಲಯಾಳದ ಉಳ್ಳಿ ಮಾಡಿ ಈರುಳ್ಳಿ ದರ ಹುಡುಕಿತು! ಈಗ ದರ್ಜೆಗೆ ಸಲ್ಲುವ ಹೆಸರುಗಳನ್ನೆಲ್ಲ ಪಟ್ಟಿಮಾಡಿ, ಇವು ಅಡಿಕೆಯ ದರ್ಜೆ, ಅನುವಾದಿಸಬೇಡ ಅಂತ ಬರೆದಿದ್ದೇನೆ. ಆಮೇಲೆ ಒಂದು ಸಲವೂ ತಪ್ಪಿಲ್ಲ.

ಹೊಸೂರು: ವಿವರಣೆ ಬರೆಯೋಕೆ ಮುಂಚೆ ಟೂಲ್ ಕಡಿಮೆ ಮಾಡಿ. 2024ರ ನವೆಂಬರ್‌ನಲ್ಲಿ ಎಂಸಿಪಿ ಬಂದಾಗ ನಾವೂ ಇದ್ದಬದ್ದ ಎಪಿಐಗಳನ್ನೆಲ್ಲ (ಒಂದು ಸಾಫ್ಟ್‌ವೇರ್ ಇನ್ನೊಂದರಿಂದ ಕೆಲಸ ಮಾಡಿಸಿಕೊಳ್ಳೋ ದಾರಿಗಳು) ಟೂಲ್ ಮಾಡಿ 43 ಕೊಟ್ವಿ. 'ಗ್ರಾಹಕ_ಹುಡುಕು' ಒಂದು, 'ಗ್ರಾಹಕ_ಪಟ್ಟಿ' ಇನ್ನೊಂದು. ಹತ್ತು ಸಲದಲ್ಲಿ ಆರು ಸಲ ತಪ್ಪಿದ್ದನ್ನೇ ಹಿಡೀತಿತ್ತು. ಎರಡು ತಿಂಗಳು ಕೂತು 9ಕ್ಕೆ ಇಳಿಸಿದೆ, ಆ ತಪ್ಪು ನಿಂತುಹೋಯ್ತು. ದೋಷದ ಸಂದೇಶವನ್ನೂ ನೋಡಿಕೊಳ್ಳಿ. ನಮ್ಮದು ಬರೀ '400' (ಕೇಳಿದ ರೀತಿ ತಪ್ಪು ಅನ್ನೋ ಸಂಕೇತ) ಅನ್ನುತ್ತಿತ್ತು, ಏನು ತಪ್ಪು ಅಂತ ಹೇಳುತ್ತಿರಲಿಲ್ಲ, ಏಜೆಂಟ್ ಅದೇ ಕರೆಯನ್ನು ಒಂದು ರಾತ್ರಿ 60 ಸಲ ಮಾಡಿತ್ತು. 'ದಿನಾಂಕ 2025-04-07 ಈ ರೂಪದಲ್ಲಿರಲಿ' ಅಂತ ಬರೆದ ಮೇಲೆ ಎರಡನೇ ಸಲಕ್ಕೇ ಸರಿಮಾಡಿಕೊಳ್ಳುತ್ತೆ. ಬದಿಯಡ್ಕದವರದ್ದು ಟೂಲಿನ ವಿನ್ಯಾಸದ ತಪ್ಪು, ವಿವರಣೆ ಬರೀ ತೇಪೆ.

ಬದಿಯಡ್ಕ: ತೇಪೆಯಾ? ಮಾರಾಯ್ರೆ, ಕಿಲೋ ಅಂತ ಬರೆಯದೆ ಟೂಲು 9 ಇದ್ದರೂ 8 ಕಿಲೋವೇ ಆಗುವುದು. ನಿಮ್ಮ ದಿನಾಂಕದ ಸಂದೇಶ ಎಂತದು, ಅದೂ ವಿವರಣೆಯೇ ಅಲ್ವಾ?

ಅಕ್ಕಲಕೋಟ: ಇಬ್ಬರೂ ಸ್ವಲ್ಪ ತಡೀರಿ. ನಂದು ಇದಕ್ಕಿಂತ ಕೆಟ್ಟದ್ದಾಗ್ಯದ. 'ನಮೂದು_ಅಳಿಸು' ಟೂಲಿಗೆ 'ನಮೂದು ಅಳಿಸುತ್ತದೆ' ಅಂತಷ್ಟೇ ಬರದಿದ್ದೆ. ತಿರುಗಿ ಬರಂಗಿಲ್ಲ ಅಂತ ಬರದಿರಲಿಲ್ಲ. ಎರಡೆರಡು ಸಲ ಬಂದದ್ದು ತೆಗಿ ಅಂದ್ರ, ಒಂದೇ ಹೆಸರಿನ ಬ್ಯಾರೆ ರೈತರ 212 ನಮೂದು ಹೋದ್ವು. ನನ್ನ ತಮ್ಮ, ನಾನು ಇಬ್ಬರೂ ಮೂರು ರಾತ್ರಿ ಕಾಗದದ ಪಾವತಿ (ರಸೀದಿ) ನೋಡಿ ತುಂಬಿದ್ವಿ. ಕೆಲವು ಪಾವತಿ ಮರಾಠಿಯೊಳಗ, ಮಸಿ ಹರಡಿತ್ತು, 1 ಅದನೋ 7 ಅದನೋ ತಿಳೀವಲ್ದು.

ಹೊಸೂರು: ಅಳಿಸೋ ಅಧಿಕಾರ ಕೊಟ್ಟಿದ್ದೇ ತಪ್ಪು. ವಿವರಣೆಯಿಂದ ಅದನ್ನ ತಡೆಯೋಕಾಗಲ್ಲ. ಎಂಸಿಪಿಯ 2025ರ ಮಾರ್ಚ್ ಆವೃತ್ತಿಯಲ್ಲಿ 'ಇದು ನಾಶಮಾಡುವ ಟೂಲ್' ಅಂತ ಗುರುತು ಹಾಕೋ ಜಾಗ ಬಂತು. ಅದೂ ಸೂಚನೆ ಅಷ್ಟೆ, ಬೀಗ ಅಲ್ಲ.

ಅಕ್ಕಲಕೋಟ: ಬೀಗ ಈಗ ಹಾಕೀನ್ರಿ. ಮೂರು ರಾತ್ರಿ ನಿದ್ದಿಗೆಟ್ಟವಗ ತಪ್ಪು ಯಾವುದಂತ ನೀವು ಹೇಳಬೇಕಿಲ್ಲ.

ಕುಂಬಳೆ: ನಮ್ಮದು ಜಾಗದ ಲೆಕ್ಕ. 'ವಿಸ್ತೀರ್ಣ'ದ ವಿವರಣೆಯನ್ನು ಬೆಂಗಳೂರಿನವರ ಟೂಲಿನಿಂದ ನಕಲು ಮಾಡಿದ್ದೆ, ಅದರಲ್ಲಿ ಗುಂಟೆ. ನಮ್ಮಲ್ಲಿ ಎಲ್ಲರೂ ಹೇಳುವುದು ಸೆಂಟ್ಸ್. 25 ಸೆಂಟ್ಸ್ 25 ಗುಂಟೆಯಾಗಿ, ಅಂದರೆ 62.5 ಸೆಂಟ್ಸ್ ಆಗಿ ಕೂತಿತು. ತರವಾಡು ಮನೆಯ (ಹಳೇ ಕೂಡುಕುಟುಂಬದ ಮನೆ) ಪಾಲುಪಟ್ಟಿ ಅದು, ಅಣ್ಣತಮ್ಮಂದಿರು ನಾಲ್ಕು ದಿನ ಮಾತು ಬಿಟ್ಟರು.

ಅಕ್ಕಲಕೋಟ: ಗುಂಟೆ ಬಿಟ್ಟು ಸೆಂಟ್ಸ್ ಯಾಕ್ರಿ? ಎಕರೆಗೆ 40 ಗುಂಟೆ, ಮಕ್ಕಳಿಗೂ ಗೊತ್ತದ.

ಕುಂಬಳೆ: ಎಕರೆಗೆ 100 ಸೆಂಟ್ಸ್, ಅದಕ್ಕಿಂತ ಸಲೀಸು ಯಾವುದುಂಟು? ಮೇಲೆ ನಮ್ಮ ಕಾಗದಪತ್ರದಲ್ಲಿ 'ಆರ್' ಅನ್ನುವ ಮೆಟ್ರಿಕ್ ಅಳತೆ ಬೇರೆ ಬರುತ್ತದೆ. ಗಡಿ ಈಚೆ ಕೇರಳಕ್ಕೆ ಬಂದು ನೋಡಿ ಮಾತಾಡಿ.

ಹೊಸೂರು: ವಿವರಣೆಯನ್ನ ಯಾವ ಭಾಷೆಯಲ್ಲಿ ಬರೆದಿರಿ? ಕನ್ನಡ ಲಿಪಿಗೆ ಟೋಕನ್ ಜಾಸ್ತಿ ತಿನ್ನುತ್ತೆ. ನಾನು ಪೂರ್ತಿ ಇಂಗ್ಲಿಷ್.

ಬದಿಯಡ್ಕ: ವಿವರಣೆ ಇಂಗ್ಲಿಷ್, ಉದಾಹರಣೆಗಳು ಮಾತ್ರ ಕನ್ನಡ. ಹುಡುಗರು ಹೇಳುವ ಹಾಗೆಯೇ, 'ನಿನ್ನೆಯ ಕೋಕ ಎಷ್ಟಾಯ್ತು' ಅಂತ. ಟೋಕನಿನ ನಾಲ್ಕು ಕಾಸಿಗೆ ಅದನ್ನು ತೆಗೆಯಲಾರೆ.

ಸೀತಾಂಗೋಳಿ: ನಮ್ಮ 31ರಲ್ಲಿ ತೂಕ ಕೇಳುವವು 14. ಒಂದರಲ್ಲೂ ಕಿಲೋ ಅಂತ ಇಲ್ಲ, ಈಗಷ್ಟೇ ನೋಡಿದೆ. ಬದಿಯಡ್ಕದವರೇ, ಉಳ್ಳಿಗೆ ಇಂಗ್ಲಿಷಿನಲ್ಲಿ ಎಂತ ಬರೆದಿರಿ?

ಬದಿಯಡ್ಕ: ಉಳ್ಳಿ ಅಂತಲೇ.