ಎರ್ಲಾಂಗ್ ಪ್ರೋಗ್ರಾಮಿಂಗ್ ಭಾಷೆಗೆ ಸಿ ಲೈಬ್ರರಿ ಜೋಡಿಸುವುದು: ನಿಮ್ಮ ಪ್ರಶ್ನೆ, ರಾಘವೇಂದ್ರ ಅವರ ಉತ್ತರ

ಮಂಜುನಾಥ: ಸರ್, ಫೋಟೋ ಕುಗ್ಗಿಸುವ ನಮ್ಮ ನಿಫ್ (ಎರ್ಲಾಂಗ್‌ನಿಂದ ನೇರ ಕರೆಯುವ ಸಿ ಫಂಕ್ಷನ್) ಅರ್ಧ ಸೆಕೆಂಡ್ ತಗೊಳ್ಳುತ್ತೆ. ಆಗ ಬೇರೆ ರಿಕ್ವೆಸ್ಟ್‌ಗಳೂ ತಡವಾಗುತ್ತವೆ.

ರಾಘವೇಂದ್ರ: ಮಾಮೂಲಿ ನಿಫ್ 1 ಮಿಲಿಸೆಕೆಂಡ್ ಒಳಗೆ ವಾಪಸ್ ಬರಬೇಕು. ಓಡುತ್ತಿರುವ ಸಿ ಕೋಡನ್ನು ಶೆಡ್ಯೂಲರ್ (ಕೆಲಸಗಳಿಗೆ ಸರದಿ ಹಂಚುವ ಭಾಗ) ಮಧ್ಯದಲ್ಲಿ ನಿಲ್ಲಿಸಲಾರದು. ಡರ್ಟಿ ಸಿಪಿಯು ಫ್ಲ್ಯಾಗ್ ಹಾಕಿ, ಉದ್ದದ ಕೆಲಸ ಬೇರೆ ಥ್ರೆಡ್‌ನಲ್ಲಿ ಓಡುತ್ತೆ.

ಸುಮಾ: ಎಸ್‌ಕ್ಯೂಲೈಟ್ ಡೇಟಾಬೇಸ್‌ಗೆ ನಾವೇ ನಿಫ್ ಬರೆದಿದ್ದೇವೆ. ಬೈಂಡ್ (ಕ್ವೆರಿಗೆ ಮೌಲ್ಯ ಕೊಡುವುದು) ಒಂದು ಕರೆ, ಸ್ಟೆಪ್ (ಕ್ವೆರಿ ಓಡಿಸುವುದು) ಇನ್ನೊಂದು ಕರೆ. ಟೆಸ್ಟ್‌ನಲ್ಲಿ ಎಲ್ಲ ಸರಿ. ಲೋಡ್ ಬಂದಾಗ ಗ್ರಾಹಕರ ಹೆಸರಿನ ಜಾಗದಲ್ಲಿ ಕಸ ಬರುತ್ತೆ. ಉದ್ದದ ವಿಳಾಸಗಳು ಮಾತ್ರ ಚೆನ್ನಾಗೇ ಇವೆ. ಕ್ರ್ಯಾಶ್ ಇಲ್ಲ. ಬೈಂಡ್‌ನ ಕೊನೆಯ ಆರ್ಗ್ಯುಮೆಂಟ್ ಸ್ಟ್ಯಾಟಿಕ್.

ರಾಘವೇಂದ್ರ: ಸುಮಾ ಅವರೇ, ಮೊದಲು ಆ ಕೋಡ್ ಡೇಟಾಬೇಸ್‌ಗೆ ಬರೆಯುವುದನ್ನು ನಿಲ್ಲಿಸಿ, ಆಮೇಲೆ ಇದನ್ನು ಓದಿ. ಸ್ಟ್ಯಾಟಿಕ್ ಅಂದರೆ ‘ಈ ಮೆಮೊರಿ ಅಲುಗಾಡಲ್ಲ, ನಕಲು ಬೇಡ’ ಅಂತ ಎಸ್‌ಕ್ಯೂಲೈಟ್‌ಗೆ ನೀವು ಕೊಟ್ಟ ಮಾತು. ಆದರೆ ಬೈನರಿ (ಎರ್ಲಾಂಗ್‌ನ ಬೈಟ್‌ಗಳ ಸಾಲು) ಇನ್‌ಸ್ಪೆಕ್ಟ್ ಮಾಡಿ ಪಡೆದ ಪಾಯಿಂಟರ್‌ಗೆ ಆ ನಿಫ್ ಕರೆ ಮುಗಿಯುವವರೆಗಷ್ಟೇ ಬೆಲೆ. 64 ಬೈಟ್‌ವರೆಗಿನ ಬೈನರಿ ಎರ್ಲಾಂಗ್ ಪ್ರೋಸೆಸ್‌ನ ಸ್ವಂತ ಹೀಪ್‌ನಲ್ಲಿರುತ್ತೆ (ಅದರದೇ ಮೆಮೊರಿ), ಗಾರ್ಬೇಜ್ ಕಲೆಕ್ಷನ್ (ಬೇಡವಾದ ಮೆಮೊರಿಯ ತೆರವು) ಆದಾಗ ಜಾಗ ಬದಲಾಯಿಸುತ್ತೆ. ಅದಕ್ಕಿಂತ ದೊಡ್ಡದು ಹೀಪ್‌ನ ಹೊರಗೆ. ಯಾರಾದರೂ ಅದನ್ನು ಹಿಡಿದುಕೊಂಡಿರುವವರೆಗೆ ಅಲ್ಲೇ ಉಳಿಯುತ್ತೆ. ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನೆಗೆ 3 ಬೈಟ್ ಆದರೂ ಹೆಸರು 64ರೊಳಗೆ ಮುಗಿಯುತ್ತೆ, ವಿಳಾಸ ದಾಟುತ್ತೆ. ವಿಳಾಸ ಉಳಿದದ್ದು ಅದೃಷ್ಟದಿಂದ.

ಸ್ಟ್ಯಾಟಿಕ್ ತೆಗೆದು ಟ್ರಾನ್ಸಿಯೆಂಟ್ ಹಾಕಿ, ಎಸ್‌ಕ್ಯೂಲೈಟ್ ತನ್ನದೇ ನಕಲು ಇಟ್ಟುಕೊಳ್ಳುತ್ತೆ. ಟೆಸ್ಟ್‌ನಲ್ಲಿ ಬೈಂಡ್‌ಗೂ ಸ್ಟೆಪ್‌ಗೂ ನಡುವೆ ಗಾರ್ಬೇಜ್ ಕಲೆಕ್ಟ್ ಕರೆಯಿರಿ, ದೋಷ ಕಣ್ಣಿಗೆ ಬೀಳುವ ಸಾಧ್ಯತೆ ಹೆಚ್ಚು.

ಕನೆಕ್ಷನ್, ಸ್ಟೇಟ್‌ಮೆಂಟ್ (ತಯಾರಾದ ಕ್ವೆರಿ) ಎರಡೂ ಬೇರೆ ಬೇರೆ ರಿಸೋರ್ಸಾ (ಎರ್ಲಾಂಗ್ ಹಿಡಿದುಕೊಳ್ಳುವ ಸಿ ವಸ್ತು)? ಹಾಗಿದ್ದರೆ ಯಾವುದರ ಡಿಸ್ಟ್ರಕ್ಟರ್ (ಕೊನೆಯಲ್ಲಿ ತೆರವು ಮಾಡುವ ಫಂಕ್ಷನ್) ಮೊದಲು ಓಡುತ್ತೆ ಅಂತ ನಂಬಬೇಡಿ. ಸ್ಟೇಟ್‌ಮೆಂಟ್ ಬದುಕಿರುವಾಗ ಕ್ಲೋಸ್ ಕರೆದರೆ ಬ್ಯುಸಿ ಅಂತ ವಾಪಸ್ ಬರುತ್ತೆ, ಕನೆಕ್ಷನ್ ಮುಚ್ಚುವುದೇ ಇಲ್ಲ. ಸ್ಟೇಟ್‌ಮೆಂಟ್ ಹುಟ್ಟುವಾಗ ಕನೆಕ್ಷನ್‌ನ ರಿಸೋರ್ಸ್ ಕೀಪ್ ಮಾಡಿ, ಸ್ಟೇಟ್‌ಮೆಂಟ್ ಅನ್ನು ಫೈನಲೈಸ್ ಮಾಡಿದ ಮೇಲೆ ಕನೆಕ್ಷನ್ ರಿಲೀಸ್ ಮಾಡಿ.

ದಿವ್ಯಾ: ವಿಂಡೋಸ್‌ನಲ್ಲಿ ಡಿಎಲ್‌ಎಲ್ ಲೋಡ್ ಆಗ್ತಿಲ್ಲ ಸರ್, ಏನು ನೋಡಬೇಕು?

ಪ್ರಕಾಶ್: ಬೇರೆ ಗುಂಪಿನಲ್ಲಿ ಬಂದದ್ದು: ‘ನಿಫ್ ಕರೆಯುವ ಪ್ರೋಸೆಸ್ ಸೂಪರ್‌ವೈಸರ್ (ಬಿದ್ದ ಪ್ರೋಸೆಸ್ ಮತ್ತೆ ಎಬ್ಬಿಸುವ ಪ್ರೋಸೆಸ್) ಕೆಳಗಿದ್ದರೆ ಸೆಗ್‌ಫಾಲ್ಟ್ (ತಪ್ಪು ಮೆಮೊರಿ ಮುಟ್ಟಿ ಕ್ರ್ಯಾಶ್) ಆದರೂ ಭಯವಿಲ್ಲ, ತಾನೇ ಎದ್ದೇಳುತ್ತೆ.’

ರಾಘವೇಂದ್ರ: ಸುಳ್ಳು. ಸೆಗ್‌ಫಾಲ್ಟ್ ಆದರೆ ಎರ್ಲಾಂಗ್ ಓಡಿಸುವ ಇಡೀ ವಿಎಂ ಬೀಳುತ್ತೆ, ಸೂಪರ್‌ವೈಸರ್ ಅದರೊಳಗೇ ಇದೆ. ಇಂಥದ್ದನ್ನು ನಂಬಿ ಪ್ರೊಡಕ್ಷನ್‌ಗೆ ಹಾಕುವವರಿದ್ದಾರೆ. ಪರೀಕ್ಷಿಸದೆ ಇಲ್ಲಿಗೆ ಹಾಕಬೇಡಿ.

ಇಮ್ರಾನ್: ಅದಕ್ಕೇ ಸಿ ಬಿಟ್ಟು ರಸ್ಟ್ಲರ್ (ರಸ್ಟ್ ಭಾಷೆಯಲ್ಲಿ ನಿಫ್ ಬರೆಯುವ ಸಾಧನ) ಹಿಡಿಯಿರಿ ಅನ್ನೋದು.

ಪ್ರಕಾಶ್: ಕೊನೆಗೆ ಕರೆಯೋದು ಸಿ ಲೈಬ್ರರಿಯನ್ನೇ ತಾನೇ? ಅನ್‌ಸೇಫ್ ಬ್ಲಾಕ್ (ರಸ್ಟ್‌ನ ಮೆಮೊರಿ ರಕ್ಷಣೆ ಪೂರ್ತಿ ಇಲ್ಲದ ಭಾಗ) ಬರೆಯಲೇಬೇಕು. ಎರ್ಲಾಂಗ್‌ನ ಪೋರ್ಟ್ ಬಳಸಿ, ಸಿ ಕೋಡ್ ಬೇರೆ ಓಎಸ್ ಪ್ರೋಸೆಸ್‌ನಲ್ಲಿ ಓಡುತ್ತೆ, ಬಿದ್ದರೆ ಅದೊಂದೇ ಬೀಳುತ್ತೆ.

ಇಮ್ರಾನ್: ಪ್ರತಿ ಕರೆಗೂ ಪೈಪ್‌ನಲ್ಲಿ ಡೇಟಾ ಕಳಿಸಿ ನೋಡಿದ್ದೀರಾ? ಫಾರ್ವರ್ಡ್ ಮಾಡಿದಷ್ಟು ಸುಲಭ ಅಲ್ಲ.

ಪ್ರಕಾಶ್: ವೈಯಕ್ತಿಕವಾಗಿ ಮಾತಾಡಬೇಡಿ.

ಲೋಕೇಶ್: ಸರ್, ನಿಫ್ ಓಡುವಾಗ ಸಿಸ್ಟಮ್ ನಿಧಾನ ಆಗುತ್ತೆ, ಯಾಕೆ?

ರಾಘವೇಂದ್ರ: ಮೇಲೆ ಓದಿ.

ಇಮ್ರಾನ್: ಪ್ರಕಾಶ್, ಪ್ರಶ್ನೆಗೆ ಉತ್ತರ ಕೊಡಿ ಮೊದಲು.

ಸುಮಾ: ಟ್ರಾನ್ಸಿಯೆಂಟ್ ಹಾಕಿದ ಮೇಲೆ ಕಸ ನಿಂತಿದೆ, ಧನ್ಯವಾದ ಸರ್. ಹಳೆಯ ಸಾಲುಗಳಲ್ಲಿ ಯುಟಿಎಫ್-8 (ಅಕ್ಷರಗಳ ಬೈಟ್ ಸಂಕೇತ) ತಪ್ಪಿರುವುದನ್ನು ಹುಡುಕಿ ತೆಗೆದರೆ ಸಾಕಾ?

ರಾಘವೇಂದ್ರ: ಸಾಲದು. ಮೆಮೊರಿಯಲ್ಲಿ ಖಾಲಿಯಾದ ಆ ಜಾಗಕ್ಕೆ ಇನ್ನೊಬ್ಬ ಗ್ರಾಹಕರ ಹೆಸರು ಬಂದು ಕೂತಿದ್ದರೆ ಅಕ್ಷರ ಸರಿಯಿರುತ್ತೆ, ಮನುಷ್ಯ ತಪ್ಪಿರುತ್ತಾನೆ. ಯಾವ ಚೆಕ್ಕೂ ಅದನ್ನು ಹಿಡಿಯಲ್ಲ. ಆ ಕೋಡ್ ಲೈವ್ ಆದ ದಿನದಿಂದ ಬರೆದ ಎಲ್ಲ ಸಾಲುಗಳನ್ನೂ ಮೂಲ ಅರ್ಜಿಯಿಂದ ಮತ್ತೆ ತುಂಬಿಸಿ.